ರಸ್ತೆಗೆ ಮುಖ ಮಾಡಿದ ಮಾನಿಟರು

ಪಾಂಡವಪುರದ ತಾಲ್ಲೂಕು ಕಚೇರಿಯ ಹತ್ತಿರದ ಆ ಜೆರಾಕ್ಸ್ ಅಂಗಡಿಯಲ್ಲಿ ಎರಡು ಮಾನಿಟರುಗಳಿದ್ದವು. ಒಂದು ಒಳಗೆ, ಅಂಗಡಿಯವರು ಕೂರುವ ಮೇಜಿನ ಮೇಲೆ. ಇನ್ನೊಂದು ಕೌಂಟರಿನ ಮೇಲೆ, ಕಬ್ಬಿಣದ ಪಟ್ಟಿಗೆ ತಗುಲಿಸಿ, ರಸ್ತೆಗೆ ಮುಖ ಮಾಡಿದ್ದು. ಒಳಗಿನದರಲ್ಲಿ ಕಾಣುವುದೆಲ್ಲ ಹೊರಗಿನದರಲ್ಲೂ ಕಾಣುತ್ತಿತ್ತು. ಇದು ಚಂದಕ್ಕೆ ಮಾಡಿದ್ದಲ್ಲ. ಅರ್ಜಿಯಲ್ಲಿ ಒಂದಕ್ಷರ ತಪ್ಪಿದರೆ, ಅಪ್ಪನ ಹೆಸರಿನ ಕೊನೆಯ ‘ಗೌಡ’ ಬಿಟ್ಟುಹೋದರೆ, ಅದನ್ನು ಸರಿಮಾಡಿಸಿಕೊಳ್ಳಲು ಜನ ತಿಂಗಳುಗಟ್ಟಲೆ ಅಲೆಯಬೇಕು. ಅಲೆದು ಸುಸ್ತಾದವರು ಕೊನೆಗೆ ಬಂದು ಬೈಯುವುದು ಟೈಪು ಮಾಡಿದವನನ್ನು. ಹಾಗಾಗಿ ಅಂಗಡಿಯ ಭಾಯ್ ಒಳಗೆ ಕೂತು ಟೈಪು ಮಾಡುತ್ತಿದ್ದರು, ಅರ್ಜಿದಾರ ಹೊರಗೆ ನಿಂತು ತಲೆಯೆತ್ತಿ ಓದುತ್ತಿದ್ದ.

“ಅಣ್ಣಾ, ನೋಡ್ಕೊಂಬುಡಿ. ಆಮೇಲೆ ಸಾಬ್ರು ತಪ್ಪು ಮಾಡುದ್ರು ಅನ್ಬೇಡಿ.”

ಓದಲು ಬಾರದವರಿಗೆ ಪಕ್ಕದಲ್ಲಿ ನಿಂತವರು ಓದಿ ಹೇಳುತ್ತಿದ್ದರು. ಗಟ್ಟಿಯಾಗಿಯೇ. “ಲೇ, ಹುಟ್ಟಿದ್ ತಾರೀಕು ನೋಡ್ಲಾ. ನಿಮ್ಮಪ್ಪನಿಗಿಂತ ನೀನೇ ದೊಡ್ಡೋನಾಗ್ಬುಟ್ಟಿದ್ದೀಯ!” ಎಂದು ಒಬ್ಬರು ಹೇಳಿದರೆ ಸಾಲಿನಲ್ಲಿ ನಿಂತವರೆಲ್ಲ ನಗುತ್ತಿದ್ದರು. ಇನ್ನೊಬ್ಬರ ಕಾಗದ ಓದುವುದು ಅಲ್ಲಿ ತಪ್ಪಾಗಿರಲಿಲ್ಲ, ಉಪಕಾರವಾಗಿತ್ತು.

ಭಾಯ್‌ಗೆ ಐವತ್ತೈದರ ಮೇಲಾಗಿತ್ತು. ಮೊದಲು ಕಚೇರಿಯ ಆವರಣದಲ್ಲಿ ಮರದಡಿ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದವರು, ಆಮೇಲೆ ಅಂಗಡಿ ಹಿಡಿದರು. ಮರದಡಿಯ ಕಾಲದಿಂದ ಬಂದ ಒಂದು ಅಭ್ಯಾಸವೆಂದರೆ ಜನರ ಕಾಗದಗಳನ್ನು ತಾವೇ ಕಾಪಾಡುವುದು. ಆಗ ಕಬ್ಬಿಣದ ಪೆಟ್ಟಿಗೆ, ಈಗ ಕಂಪ್ಯೂಟರು. “ಪರ್ಸಲ್ಲಿ ಮಡಗುದ್ರೆ ಹರ್ದೋಯ್ತದೆ, ಮನೇಲಿ ಮಡಗುದ್ರೆ ಇಲಿ ತಿಂತದೆ, ನಿಮ್ಮತ್ರಾನೆ ಇರ್ಲಿ ಬುಡಿ ಸಾಬ್ರೆ” ಎಂದು ಜನ ಆಧಾರ್, ಪಹಣಿ, ಜಾತಿ ಸರ್ಟಿಫಿಕೇಟು, ಅಂಕಪಟ್ಟಿ, ಡಾಕ್ಟರರ ಚೀಟಿ ಎಲ್ಲವನ್ನೂ ಅಲ್ಲೇ ಸ್ಕ್ಯಾನ್ ಮಾಡಿಸಿ ಬಿಟ್ಟುಹೋಗುತ್ತಿದ್ದರು. ಬೇಕಾದಾಗ ಒಂದು ಫೋನು: ತೆಗೆದಿಡಿ, ಬತ್ತೀನಿ.

ಇಷ್ಟೊಂದು ಕಾಗದದಲ್ಲಿ ಬೇಕಾದ್ದನ್ನು ಹುಡುಕಲು ಭಾಯ್ ತಮ್ಮದೇ ಒಂದು ಕ್ರಮ ಮಾಡಿಕೊಂಡಿದ್ದರು. ಒಂದೇ ಹೆಸರಿನವರು ಊರಿಗೆ ಹತ್ತು ಜನ ಇರುತ್ತಾರೆ, ಆದ್ದರಿಂದ ಹೆಸರಿನಿಂದ ಪ್ರಯೋಜನವಿಲ್ಲ. ನಾಲ್ಕು ಫೋಲ್ಡರು, ಒಂದೊಂದಕ್ಕೂ ನಂಬರು: ಪಾಂಡವಪುರ, ಪಟ್ಣ, ಕೆ.ಆರ್. ಪೇಟೆ, ನಾಗಮಂಗಲ. ಅದರೊಳಗೆ ಊರು. ಊರಿನ ಮುಂದೆ ಮನೆ. ಮನೆಯ ಮುಂದೆ ಕೆಲಸ. ‘ಆಲೆಮನೆಯವರ ದೊಡ್ಡ ಮಗ, ಪಹಣಿ’ ಎಂದು ಒಂದು ಫೈಲು. ‘ಬೋರೆ ಮೇಲಿನ ಅಜ್ಜಿ, ಪಿಂಚಣಿ’ ಎಂದು ಇನ್ನೊಂದು. ನನ್ನದೂ ಇತ್ತು. ನಾನು ಶ್ರೀರಂಗಪಟ್ಟಣದಿಂದ ದಿನಾ ಬಸ್ಸಿನಲ್ಲಿ ಬಂದು ಪಾಂಡವಪುರದ ಸರ್ಕಾರಿ ಪದವಿ ಕಾಲೇಜಿನಲ್ಲಿ ಪಾಠ ಮಾಡುವವಳು. ‘ಪಟ್ಣದ ಕಾಮರ್ಸ್ ಮೇಡಂ’ ಎಂಬ ಹೆಸರಿನಲ್ಲಿ ನನ್ನ ಪ್ಯಾನ್ ಕಾರ್ಡು, ಸೇವಾ ಪುಸ್ತಕದ ಪುಟಗಳು, ನನ್ನ ತಾಯಿಯ ಎದೆಯ ಸ್ಕ್ಯಾನಿಂಗ್ ವರದಿ ಎಲ್ಲವೂ ಆ ಕಂಪ್ಯೂಟರಿನಲ್ಲಿದ್ದವು. ಅದನ್ನು ಯಾರಾದರೂ ನೋಡಬಹುದೆಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಪುಸ್ತಕದ ವಿಷಯವನ್ನೂ ಹೇಳಬೇಕು. ಆ ಸೆಮಿಸ್ಟರಿನ ವ್ಯವಹಾರ ಕಾನೂನಿನ ಪಠ್ಯಪುಸ್ತಕ ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಮೈಸೂರಿನ ಅಂಗಡಿಗಳಲ್ಲಿ ಕೇಳಿದೆ, ಮುಂದಿನ ವಾರ ಎಂದರು. ಮುಂದಿನ ವಾರವೂ ಹಾಗೇ ಎಂದರು. ಪರೀಕ್ಷೆ ಹತ್ತಿರ ಬರುತ್ತಿತ್ತು. ನನ್ನ ಸ್ವಂತ ಪ್ರತಿಯನ್ನು ಭಾಯ್ ಕೈಗೆ ಕೊಟ್ಟು, ಮಕ್ಕಳಿಗೆ “ಭಾಯ್ ಹತ್ರ ತಗೊಳ್ಳಿ” ಎಂದೆ. ಅವರು ಪ್ರತಿ ಸಲ ಪುಟ ತಿರುಗಿಸುವ ಕಷ್ಟ ಬೇಡವೆಂದು ಇಡೀ ಪುಸ್ತಕವನ್ನು ಸ್ಕ್ಯಾನ್ ಮಾಡಿಟ್ಟುಕೊಂಡು, ಕೇಳಿದವರಿಗೆ ಸ್ಪೈರಲ್ ಹಾಕಿ ಕೊಡುತ್ತಿದ್ದರು. ಅದೇ ಪುಸ್ತಕದಲ್ಲಿ ಕೃತಿಸ್ವಾಮ್ಯದ ಮೇಲೊಂದು ಅಧ್ಯಾಯವಿತ್ತು. ನಾನೇ ಅದನ್ನು ಪಾಠ ಮಾಡಿದ್ದೆ.

ಇನ್ನು ಅವಳ ವಿಷಯ. ನಾಲ್ಕು ವರ್ಷದ ಹಿಂದೆ ನಮ್ಮಲ್ಲಿ ಬಿ.ಕಾಂ. ಮುಗಿಸಿದವಳು. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಸಿಂಧಘಟ್ಟದಿಂದಾಚೆಯ ಒಂದು ಹಳ್ಳಿಗೆ ಮದುವೆಯಾಗಿ ಹೋಗಿದ್ದಳು. ಗಂಡನ ಮನೆಯವರದು ಹಾಲು ಮೊಸರಿನ ವ್ಯಾಪಾರ. ಊರಿನಲ್ಲಿ ಆ ಮನೆಗೆ ‘ಹಾಲಿನ ಮನೆ’ ಎಂದೇ ಹೆಸರು. ಒಂದು ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಎಡಗೈಯ ಎರಡು ಬೆರಳು ಮಡಚಲು ಬರುತ್ತಿರಲಿಲ್ಲ. ಏನಾಯಿತೆಂದು ಕೇಳಿದೆ.

“ಬಾಗ್ಲಿಗೆ ಸಿಕ್ಕಿಕೊಳ್ತು ಮೇಡಂ,” ಎಂದಳು. ಆಮೇಲೆ, “ಬಾಗ್ಲು ಹಾಕಿದ್ದು ಅವ್ರು,” ಎಂದಳು.

ಎರಡು ಸಲ ಪಂಚಾಯಿತಿ ಮಾಡಿ ಹಿರಿಯರು ವಾಪಸು ಕಳಿಸಿದ್ದರು. ತವರಿನವರೂ ಕಳಿಸಿದ್ದರು. ಎರಡನೆಯ ಪಂಚಾಯಿತಿಯಲ್ಲಿ ಗಂಡ ಎಲ್ಲರ ಮುಂದೆಯೇ ಹೇಳಿದನಂತೆ: ಇನ್ನೊಂದ್ಸಲ ಹೊಸಲು ದಾಟುದ್ರೆ ಎಲ್ಲಿದ್ರೂ ಹುಡುಕ್ತೀನಿ, ಆಗ ಬರೀ ಬೆರಳಲ್ಲ. ಅದನ್ನು ಹೇಳುವಾಗ ಅವಳ ದನಿ ಏರಲಿಲ್ಲ. ಮೂರನೆಯ ಸಲ ಅವಳು ಯಾರಿಗೂ ಹೇಳದೆ ಹೊರಟು ನಾಗಮಂಗಲದಲ್ಲಿ ಒಂದು ಕೋಣೆ ಹಿಡಿದಿದ್ದಳು. ಒಂದು ಚಿಕ್ಕಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಶಾಲೆಯವರು ಅಲ್ಲಿನ ವಿಳಾಸವಿರುವ ಆಧಾರ್ ಕೇಳಿದ್ದರು. ವಿಳಾಸ ಬದಲಾಯಿಸಲು ಗೆಜೆಟೆಡ್ ಅಧಿಕಾರಿಯೊಬ್ಬರ ದೃಢೀಕರಣ ಬೇಕು. ಅವಳಿಗೆ ಗೊತ್ತಿದ್ದ ಗೆಜೆಟೆಡ್ ಅಧಿಕಾರಿ ನಾನೊಬ್ಬಳೇ.

ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಹೋದೆವು. ಭಾಯ್ ಫಾರಂ ತುಂಬಿದರು. ಅವಳು ತಲೆಯೆತ್ತಿ ಓದಿ ಸರಿ ಇದೆ ಎಂದಳು. ನಾನು ಹಸಿರು ಶಾಯಿಯಲ್ಲಿ ಸಹಿ ಹಾಕಿದೆ, ಫೋಟೊದ ಮೇಲೆ ಅರ್ಧ ಕಾಗದದ ಮೇಲೆ ಅರ್ಧ ಬರುವಂತೆ ಸೀಲು ಒತ್ತಿದೆ. ಅವಳು ನೀರು ಕುಡಿಯಲು ಪಕ್ಕಕ್ಕೆ ಹೋದಾಗ ಭಾಯ್ ದನಿ ತಗ್ಗಿಸಿ ಕೇಳಿದರು.

“ಮೇಡಂ, ಈ ಅಡ್ರೆಸ್ಸು ಯಾರಿಗೂ ಗೊತ್ತಾಗ್ಬಾರ್ದು, ಅಲ್ವಾ?”

“ಯಾರಿಗೂ, ಭಾಯ್.”

“ನನ್ ಹೊಟ್ಟೇಲಿ ಇರುತ್ತೆ ಬಿಡಿ. ಖುದಾ ಮೇಲಾಣೆ.”

ಹೊಟ್ಟೆಯಲ್ಲಿಟ್ಟುಕೊಂಡರು. ಕಂಪ್ಯೂಟರಿನಲ್ಲೂ ಇಟ್ಟುಕೊಂಡರು. ಇಂಥ ಫಾರಂಗಳು ತಿರಸ್ಕೃತವಾಗಿ ವಾಪಸು ಬರುವುದು ಸಾಮಾನ್ಯ. ಮತ್ತೆ ಬೇಕಾದರೆ ಇರಲಿ ಎಂದು, ಎಲ್ಲರದನ್ನೂ ಇಟ್ಟಂತೆ, ಅದೇ ಕ್ರಮದಲ್ಲಿ. ಮೂರನೆಯ ಫೋಲ್ಡರು ಕೆ.ಆರ್. ಪೇಟೆ. ಅದರಲ್ಲಿ ಆ ಊರು. ಊರಿನ ಮುಂದೆ ‘ಹಾಲಿನ ಮನೆ ದೊಡ್ಡ ಸೊಸೆ, ಹೊಸ ಅಡ್ರೆಸ್’.

ಎರಡು ವಾರ ಕಳೆದು ಅವಳ ಮೈದುನ ಕಾಲೇಜಿಗೆ ಬಂದ. ಇಪ್ಪತ್ತೈದರ ಒಳಗಿನವನು, ಇಸ್ತ್ರಿ ಮಾಡಿದ ಅಂಗಿ, ಮೆತ್ತನೆ ಮಾತು. ಅವರ ಮನೆಯ ಮೊಸರನ್ನು ಪಾಂಡವಪುರದ ಹೋಟೆಲುಗಳಿಗೆ ಹಾಕುವವನು ಅವನೇ ಎಂದು ಆಗ ತಿಳಿಯಿತು.

“ನಮ್ಮತ್ತಿಗೆ ನಿಮ್ ಸ್ಟೂಡೆಂಟಂತಲ್ಲ ಮೇಡಂ. ಇತ್ತಗೇನಾದ್ರೂ ಬಂದಿದ್ರಾ?”

“ಇಲ್ಲಪ್ಪ. ಮದುವೆಗೆ ಕರೆದಿದ್ದಳು, ಅಷ್ಟೆ.”

“ಬಂದ್ರೆ ಒಂದು ಫೋನ್ ಮಾಡಿ. ನಮ್ಮಣ್ಣ ಅನ್ನ ನೀರು ಬುಟ್ಟವ್ನೆ,” ಎಂದು ನಂಬರು ಬರೆದುಕೊಟ್ಟು ಕೈಮುಗಿದು ಹೋದ.

ಇದಾಗಿ ಒಂದು ತಿಂಗಳೊಳಗೆ ಆ ದಿನ ಬಂತು. ಬೆಳಗ್ಗೆ ಹನ್ನೊಂದೂವರೆ ಇರಬೇಕು. ಆಂತರಿಕ ಅಂಕಗಳ ಪಟ್ಟಿ ಪ್ರಿಂಟು ತೆಗೆಸಲು ಅಂಗಡಿಯ ಮುಂದೆ ನಿಂತಿದ್ದೆ. ಪೊಲೀಸ್ ಜೀಪು ಬಂದು ನಿಂತಿತು. ಸಬ್ ಇನ್‌ಸ್ಪೆಕ್ಟರು, ಒಬ್ಬ ಕಾನ್‌ಸ್ಟೇಬಲ್ಲು, ಜೊತೆಗೆ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಇಬ್ಬರು. ಆ ಇಬ್ಬರು ಪೊಲೀಸರಲ್ಲ. ಪ್ರಕಾಶಕರ ಪರವಾಗಿ ಊರೂರು ತಿರುಗಿ ನಕಲಿ ಪ್ರತಿ ಹಿಡಿಯುವ ಯಾವುದೋ ಕಂಪನಿಯವರು. ಒಬ್ಬ ನಡುವಯಸ್ಸಿನವನು, ಒಬ್ಬ ಚಿಕ್ಕವನು. ಸಬ್ ಇನ್‌ಸ್ಪೆಕ್ಟರು ದೂರಿನ ಕಾಗದ ಓದಿದರು. ಕೌಂಟರಿನ ಕೆಳಗೆ ಸ್ಪೈರಲ್ ಹಾಕಿದ ಪುಸ್ತಕಗಳಿದ್ದವು, ತೆಗೆದು ಮೇಲಿಟ್ಟರು. ಭಾಯ್ ಇಲ್ಲವೆನ್ನಲಿಲ್ಲ. ಮಹಜರಿಗೆ ಸಹಿ ಹಾಕಿದರು. ಸಬ್ ಇನ್‌ಸ್ಪೆಕ್ಟರಿಗೆ ಬೇರೆಲ್ಲೋ ಬಂದೋಬಸ್ತು ಇತ್ತು, ಕಾನ್‌ಸ್ಟೇಬಲ್ಲನ್ನು ಬಿಟ್ಟು ಹೊರಟರು.

ಕಾನೂನಿನ ಕೆಲಸ ಅಲ್ಲಿಗೆ ಮುಗಿದಿತ್ತು. ಅಲ್ಲಿಗೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

“ಸಿಸ್ಟಮ್ ಪೂರ್ತಿ ನೋಡ್ಬೇಕು,” ಎಂದು ಚಿಕ್ಕವನು ಭಾಯ್ ಕುರ್ಚಿಯಲ್ಲಿ ಕೂತ.

“ಸಾರ್, ಪುಸ್ತಕ ಒಂದೇ ಫೋಲ್ಡರಲ್ಲಿದೆ. ನಾನೇ ತೆಗೆದು ತೋರಿಸ್ತೀನಿ. ಮಿಕ್ಕಿದ್ದೆಲ್ಲ ಜನಗಳ ಕಾಗದ.”

“ನೀವು ಕೈ ಹಾಕಿದ್ರೆ ಸಾಕ್ಷ್ಯ ನಾಶ ಅಂತ ಇನ್ನೊಂದು ಕೇಸಾಗುತ್ತೆ. ಹೊರಗೆ ನಿಂತ್ಕೊಳ್ಳಿ.”

ಭಾಯ್ ಹೊರಗೆ ಬಂದು ಕೌಂಟರಿನ ಪಕ್ಕದ ಕಂಬಕ್ಕೆ ಒರಗಿ ನಿಂತರು. ಚಿಕ್ಕವನು ತನ್ನ ಬ್ಯಾಗಿನಿಂದ ಒಂದು ಹಾರ್ಡ್ ಡಿಸ್ಕು ತೆಗೆದು ಕಂಪ್ಯೂಟರಿಗೆ ಚುಚ್ಚಿ ಎಲ್ಲವನ್ನೂ ನಕಲು ಮಾಡಲು ಹಾಕಿದ. ನಕಲಾಗುವವರೆಗೆ ಸುಮ್ಮನೆ ಕೂರಲಿಲ್ಲ. ಇನ್ನೂ ಯಾವ ಯಾವ ಪುಸ್ತಕ ಇವೆಯೋ ನೋಡೋಣವೆಂದು ಫೋಲ್ಡರುಗಳನ್ನು ತೆರೆಯತೊಡಗಿದ. ಅವನ ಮುಂದೆ ಒಳಗಿನ ಮಾನಿಟರು. ಮೇಲಿನದರ ಬೆನ್ನು ಅವನ ಕಡೆಗಿತ್ತು. ಅದು ಇನ್ನೇನೋ ಒಂದು ಕಪ್ಪು ಹಲಗೆ ಎಂದುಕೊಂಡನೋ, ಕಣ್ಣಿಗೇ ಬೀಳಲಿಲ್ಲವೋ, ಗೊತ್ತಿಲ್ಲ.

ಜೀಪು ಬಂದಿದ್ದರಿಂದ ಜನ ಸೇರಿದ್ದರು. ಅವರಿಗೆ ಮೇಲಿನ ಮಾನಿಟರು ಏನೆಂದು ಚೆನ್ನಾಗಿ ಗೊತ್ತಿತ್ತು. ಎಲ್ಲರೂ ಅಭ್ಯಾಸದಂತೆ ತಲೆಯೆತ್ತಿದರು.

“ಲೇ, ನಿನ್ ಪೋಟಾ ಕಣ್ಲಾ! ಒಳ್ಳೆ ಕಳ್ಳನ ತರ ಬಂದದಲ್ಲ.”

“ಸುಮ್ಕಿರ್ಲಾ. ಅಲ್ನೋಡು, ಎಲ್ಡು ಟ್ರಾಕ್ಟರ್ ಮಡಗಿರೋನು ಬಿಪಿಎಲ್ ಕಾರ್ಡ್ಗೆ ಆಕವ್ನೆ.”

“ಅದು ನಮ್ಮಪ್ಪನ ಎಸ್ರಲ್ಲಿರೋದು ಕಣೋ!”

“ಅಪ್ಪ ಸತ್ತು ಮೂರ್ ವರ್ಸ ಆಯ್ತಲ್ಲೋ!”

ನಗು ಜೋರಾಯಿತು. ನಾನೂ ನಕ್ಕಿರಬೇಕು. ಆಮೇಲೆ ಒಂದು ರಕ್ತಪರೀಕ್ಷೆಯ ವರದಿ ಬಂತು, ಯಾರೋ ಒಬ್ಬ ಹೆಂಗಸಿನದು. ನಗು ಒಮ್ಮೆಗೇ ನಿಂತಿತು. ಒಬ್ಬರು ಮುಖ ತಿರುಗಿಸಿಕೊಂಡರು. ಉಳಿದವರು ತಿರುಗಿಸಿಕೊಳ್ಳಲಿಲ್ಲ. ಆಗ ನನಗೆ ಮೂರನೆಯ ಫೋಲ್ಡರು ನೆನಪಾಯಿತು. ಅವನು ಇನ್ನೂ ಮೊದಲನೆಯದರಲ್ಲಿದ್ದ.

ಕಾನ್‌ಸ್ಟೇಬಲ್ಲಿಗೆ ಹೇಳಿದೆ. “ಹೊರಗಿನದು ಆಫ್ ಮಾಡಿಸಿ. ಜನರ ಖಾಸಗಿ ಕಾಗದ ಎಲ್ಲ ಕಾಣ್ತಿದೆ.”

“ಏನ್ ಮಾಡ್ಲಿ ಮೇಡಂ. ಯಾವುದ್ನೂ ಮುಟ್ಬೇಡಿ ಅಂದವ್ರೆ,” ಎಂದ. ಅವನೂ ಮೇಲೆ ನೋಡುತ್ತಿದ್ದ.

ಕೌಂಟರಿಗೆ ಬಗ್ಗಿ ಚಿಕ್ಕವನಿಗೇ ಹೇಳಿದೆ. ಅವನು ಕಣ್ಣೆತ್ತಲಿಲ್ಲ.

“ನೀವು ಯಾರು? ಈ ಅಂಗಡಿಗೂ ನಿಮಗೂ ಏನು ಸಂಬಂಧ?”

ಇದನ್ನು ನಾನು ನೂರು ಸಲ ಯೋಚಿಸಿದ್ದೇನೆ. ಆ ಪುಸ್ತಕ ನನ್ನದು, ಕೊಟ್ಟವಳು ನಾನು, ಈಗ ಆ ಮಾನಿಟರು ಆರಿಸಿ ಎಂದು ಹೇಳಬಹುದಿತ್ತು. ಹೇಳಿದ್ದರೆ ಅವನು ಕಣ್ಣೆತ್ತಿ ನೋಡುತ್ತಿದ್ದ. ಕೌಂಟರಿನ ಮೇಲೆ ಆ ಸ್ಪೈರಲ್ ಪುಸ್ತಕಗಳಿದ್ದವು. ಮೊದಲ ಪುಟದಲ್ಲಿ ನನ್ನ ಸಹಿಯೂ ಜೆರಾಕ್ಸಾಗಿತ್ತು. ಸರ್ಕಾರಿ ನೌಕರಿ ನೆನಪಾಯಿತು.

“ಗಿರಾಕಿ,” ಎಂದೆ.

“ಹಾಗಾದ್ರೆ ದೂರ ನಿಲ್ಲಿ. ತಪ್ಪು ಮಾಡಿಲ್ಲ ಅಂದ್ಮೇಲೆ ಜನಕ್ಕೆ ಭಯ ಯಾಕೆ?”

ಹಿಂದಕ್ಕೆ ಬಂದೆ. ತಿರುಗಿದಾಗ ಮೈದುನ ಕಂಡ. ಖಾಲಿ ಮೊಸರಿನ ಕ್ರೇಟು ಎರಡನ್ನು ಸೊಂಟಕ್ಕೆ ಆನಿಸಿಕೊಂಡು, ಏನೋ ಗಲಾಟೆ ಎಂದು ದಾರಿಯಲ್ಲಿ ನಿಂತವನಂತೆ, ಗುಂಪಿನ ಅಂಚಿನಲ್ಲಿ ನಿಂತಿದ್ದ. ಅವನೂ ತಲೆಯೆತ್ತಿ ನೋಡುತ್ತಿದ್ದ. ಮಾನಿಟರಿನಲ್ಲಿ ಎರಡನೆಯ ಫೋಲ್ಡರು ತೆರೆದಿತ್ತು. ನನ್ನ ತಾಯಿಯ ಸ್ಕ್ಯಾನಿಂಗ್ ವರದಿ ಬಂದು ಹೋಯಿತು. ಅದನ್ನು ನೋಡಿದ್ದು ನೆನಪಿದೆ, ಏನನ್ನಿಸಿತೆಂದು ನೆನಪಿಲ್ಲ.

ನಾನು ಅವನ ಹತ್ತಿರ ಹೋಗಿ, ಅವನಿಗೂ ಮಾನಿಟರಿಗೂ ನಡುವೆ ಅಲ್ಲ, ಅವನ ಇನ್ನೊಂದು ಪಕ್ಕದಲ್ಲಿ ನಿಂತು ಮಾತನಾಡಿಸಿದೆ. ದೊಡ್ಡವರು ಮಾತನಾಡಿಸಿದರೆ ಆ ಕಡೆಯ ಹುಡುಗರು ಪೂರ್ತಿ ತಿರುಗಿ ನಿಂತು ಮಾತನಾಡುತ್ತಾರೆ. ಅದೊಂದನ್ನೇ ನಂಬಿಕೊಂಡಿದ್ದೆ.

“ಏನಪ್ಪ, ನಿಮ್ಮತ್ತಿಗೆ ಸುದ್ದಿ ಏನಾದರೂ ತಿಳೀತಾ?”

ಅವನು ತಿರುಗಿದ. ಕ್ರೇಟುಗಳನ್ನು ಕೆಳಗಿಟ್ಟ.

“ಎಲ್ಲಿ ಮೇಡಂ. ಬೆಂಗ್ಳೂರ್ ಕಡೆ ಓಗವ್ರೆ ಅಂತ ಒಬ್ರು ಅಂತಾರೆ. ಮೇಲ್ಕೋಟೆಲಿ ಕಂಡೋ ಅಂತ ಇನ್ನೊಬ್ರು. ನಮ್ಮಣ್ಣ ಅಂತೂ ಓಗ್ದಿರೋ ಜಾಗಿಲ್ಲ.”

“ಪೊಲೀಸ್ ಕಂಪ್ಲೇಂಟ್ ಕೊಟ್ರಾ?”

“ಅಯ್ಯೋ, ಮನೆ ವಿಚಾರ ಮೇಡಂ. ಪೋಲೀಸ್ರು ಯಾಕೆ. ನಾವೇ ಉಡುಕ್ತೀವಿ.”

ಅವನ ಹೆಗಲಿನ ಮೇಲಿಂದ ಮಾನಿಟರು ಕಾಣುತ್ತಿತ್ತು. ಮೂರನೆಯ ಫೋಲ್ಡರು. ಊರುಗಳ ಸಾಲು. ನಾನು ಅವನ ತಾಯಿಯ ಆರೋಗ್ಯ ಕೇಳಿದೆ, ಮೊಸರಿನ ರೇಟು ಕೇಳಿದೆ, ಮಂಡಿ ನೋವಿಗೆ ಯಾವ ಡಾಕ್ಟರು ಎಂದು ಕೇಳಿದೆ. ಅವನು ಎಲ್ಲದಕ್ಕೂ ಸಮಾಧಾನದಿಂದ ಉತ್ತರ ಕೊಟ್ಟ. ಒಳ್ಳೆಯ ಮನೆತನದ ಹುಡುಗನೆಂದು ಯಾರಾದರೂ ಹೇಳುತ್ತಿದ್ದರು. ಅವನ ಊರಿನ ಹೆಸರು ಸಾಲಿನಲ್ಲಿ ಬಂತು. ಅದರ ಕೆಳಗೆ ಐದಾರು ಫೈಲು. ಚಿಕ್ಕವನು ಒಂದನ್ನೂ ಬಿಡದೆ ತೆರೆಯುತ್ತಿದ್ದ.

ಫಾರಂ ಪೂರ್ತಿ ಮಾನಿಟರನ್ನು ತುಂಬಿತು. ಅವಳ ಫೋಟೊ. ಕೆಳಗೆ ದೊಡ್ಡ ಅಕ್ಷರದಲ್ಲಿ ಮನೆ ನಂಬರು, ಬೀದಿ, ನಾಗಮಂಗಲ. ಅದರ ಕೆಳಗೆ ಹಸಿರು ಸಹಿ.

ಗುಂಪಿನಲ್ಲಿದ್ದ ಒಬ್ಬ ಪತ್ರ ಬರಹಗಾರರಿಗೆ ನನ್ನ ಪರಿಚಯವಿತ್ತು. ಕಚೇರಿಯ ಮುಂದೆ ಕೂತು ಕ್ರಯಪತ್ರ ಬರೆಯುವವರು, ಒಳ್ಳೆಯ ಮನುಷ್ಯ. ಅವರು ಖುಷಿಯಿಂದ ಕೂಗಿ ಹೇಳಿದರು:

“ಮೇಡಂ! ನಿಮ್ ಸೈನು ಕಣ್ರೀ ಅಲ್ಲಿ!”

ಮೈದುನ ನನ್ನ ಮುಖ ನೋಡಿದ. ಆಮೇಲೆ ತಿರುಗತೊಡಗಿದ. ಅಷ್ಟರಲ್ಲಿ ಭಾಯ್ ಕಂಬ ಬಿಟ್ಟು ಕದಲಿದ್ದರು. ಪತ್ರ ಬರಹಗಾರರ ಮಾತಿಗೆ ಅವರೂ ತಲೆಯೆತ್ತಿರಬೇಕು. ಅವರು ಕೂಗಲಿಲ್ಲ, ಯಾರಿಗೂ ಏನೂ ಹೇಳಲಿಲ್ಲ. ಒಂದು ಹೆಜ್ಜೆ ಇಟ್ಟು ಬಗ್ಗಿ, ಕೌಂಟರಿನ ಕೆಳಗೆ ಕೈ ಹಾಕಿ, ಯುಪಿಎಸ್‌ನಿಂದ ಹೊರಟ ವೈರುಗಳನ್ನೆಲ್ಲ ಒಟ್ಟಿಗೆ ಹಿಡಿದು ಎಳೆದುಬಿಟ್ಟರು. ಎರಡೂ ಮಾನಿಟರು ಕಪ್ಪಾದವು.

ನಡುವಯಸ್ಸಿನವನು ಇದೆಲ್ಲವನ್ನೂ ಫೋನಿನಲ್ಲಿ ವಿಡಿಯೊ ಮಾಡುತ್ತಿದ್ದ. “ನೋಡಿದ್ರಾ? ನೋಡಿದ್ರಾ?” ಎಂದು ಎಲ್ಲರನ್ನೂ ಕೇಳಿದ. ಕಾನ್‌ಸ್ಟೇಬಲ್ಲು ಭಾಯ್ ತೋಳು ಹಿಡಿದ. ಭಾಯ್ ಬಿಡಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಜೀಪು ವಾಪಸು ಬಂತು. ಕಂಪ್ಯೂಟರು, ಪ್ರಿಂಟರು, ಜೆರಾಕ್ಸ್ ಪುಸ್ತಕಗಳ ಜೊತೆ ಭಾಯ್ ಅವರನ್ನೂ ಹತ್ತಿಸಿಕೊಂಡು ಹೋಯಿತು. ಚಿಕ್ಕವನು ತನ್ನ ಹಾರ್ಡ್ ಡಿಸ್ಕನ್ನು ಬ್ಯಾಗಿಗೆ ಹಾಕಿಕೊಂಡ. “ಮುಕ್ಕಾಲು ಭಾಗ ಬಂದಿದೆ” ಎಂದು ನಡುವಯಸ್ಸಿನವನಿಗೆ ಹೇಳಿದ್ದು ಕೇಳಿಸಿತು. ಅದನ್ನು ಅವರು ಒಯ್ಯಬಹುದೇ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮೈದುನ ಕ್ರೇಟುಗಳನ್ನು ಎತ್ತಿಕೊಂಡು, “ಬತ್ತೀನಿ ಮೇಡಂ” ಎಂದು ಹೇಳಿ ಹೋದ. ಅವನ ಮುಖದಲ್ಲಿ ಏನೂ ಇರಲಿಲ್ಲ.

ಪತ್ರ ಬರಹಗಾರರ ಕೂಗಿಗೂ ಮಾನಿಟರು ಆರಿದ್ದಕ್ಕೂ ನಡುವೆ ಎಷ್ಟು ಹೊತ್ತು? ಮನೆಯಲ್ಲಿ ನಾನು ಅಳೆದು ನೋಡಿದ್ದೇನೆ. ಗೋಡೆಗೆ ಒರಗಿ ನಿಂತು, ಒಂದು ಹೆಜ್ಜೆ ಇಟ್ಟು, ಬಗ್ಗಿ, ಮೇಜಿನ ಕೆಳಗಿನ ವೈರು ಹಿಡಿಯುವುದು. ಮೂರು ಸೆಕೆಂಡು. ಕೆಲವು ಸಲ ಎರಡೂವರೆ. ಭಾಯ್‌ಗೆ ನನಗಿಂತ ಹೆಚ್ಚು ವಯಸ್ಸು. ಅದರಲ್ಲಿ ಮೈದುನ ನನ್ನ ಮುಖ ನೋಡಿದ ಹೊತ್ತನ್ನು ಕಳೆಯಬೇಕು. ಬಸ್ಸಿನಲ್ಲಿ ಹೋಗುವಾಗ ಕಣ್ಣು ಮುಚ್ಚಿ ತೆರೆದು, ಒಂದು ಎಣಿಸುವಷ್ಟರಲ್ಲಿ ರಸ್ತೆಬದಿಯ ಬೋರ್ಡಿನಲ್ಲಿ ಎಷ್ಟು ಓದಬಹುದೆಂದು ನೋಡುತ್ತೇನೆ. ಊರಿನ ಹೆಸರು ಓದಬಹುದು. ಅದರ ಕೆಳಗಿನ ಸಣ್ಣ ಅಕ್ಷರ ಆಗುವುದಿಲ್ಲ. ಇದನ್ನು ಈಗಲೂ ಮಾಡುತ್ತೇನೆ. ಕಿರಂಗೂರು ದಾಟಿದ ಮೇಲೆ ಶುರುವಾಗುತ್ತದೆ.

ಮಾರನೆಯ ದಿನ ಹೇಳಿಕೆ ಕೊಡಲು ಸ್ಟೇಷನ್ನಿಗೆ ಹೋದೆ. ಪುಸ್ತಕ ನನ್ನದೆಂದು ಹೇಳಿದೆ. ಸಬ್ ಇನ್‌ಸ್ಪೆಕ್ಟರು ಪೆನ್ನು ಕೆಳಗಿಟ್ಟರು.

“ಮೇಡಂ, ಇದನ್ನ ಬರ್ಕೊಂಡ್ರೆ ನಿಮ್ ಡಿಪಾರ್ಟ್‌ಮೆಂಟಿಗೆ ಹೋಗುತ್ತೆ. ಯೋಚನೆ ಮಾಡಿ.”

“ಬರ್ಕೊಳ್ಳಿ.”

ಬರೆದುಕೊಂಡರು. “ಪುಸ್ತಕದ್ದು ದೊಡ್ಡ ವಿಷಯ ಅಲ್ಲ. ಈ ವೈರು ಕಿತ್ತಿದ್ದೇ ತೊಂದ್ರೆ ಆಗಿರೋದು. ಸಾಕ್ಷ್ಯ ನಾಶ. ವಿಡಿಯೊ ಬೇರೆ ಇದೆ. ಯಾಕೆ ಕಿತ್ತೆ ಅಂದ್ರೆ ಗಾಬರಿ ಆಯ್ತು ಅಂತ ಒಂದೇ ಮಾತು. ನೀವು ಅಲ್ಲೇ ಇದ್ರಲ್ಲ, ಯಾಕೆ ಅಂತ ನಿಮಗೇನಾದ್ರೂ ಗೊತ್ತಾ?”

ಗೊತ್ತೆಂದು ಹೇಳಿದರೆ ಕಾರಣ ಬರೆಯಬೇಕು. ಕಾರಣ ಬರೆದರೆ ಅವಳು ಹೇಳಿಕೆಯೊಳಗೆ ಬರುತ್ತಾಳೆ. ಹೇಳಿಕೆಯ ಪ್ರತಿ ಕೋರ್ಟಿಗೆ ಹೋಗುತ್ತದೆ, ವಕೀಲರ ಕೈಗೆ ಹೋಗುತ್ತದೆ, ತಾಲ್ಲೂಕು ಕಚೇರಿಯ ಸುತ್ತಮುತ್ತ ಯಾವುದಾದರೊಂದು ಅಂಗಡಿಯಲ್ಲಿ ಜೆರಾಕ್ಸ್ ಆಗುತ್ತದೆ. 

“ಅವರನ್ನು ಒಂದು ಮಾತು ಕೇಳಬಹುದಾ?” ಎಂದೆ. ಭಾಯ್‌ಗೆ ಅಂದೇ ಜಾಮೀನಾಗುವುದಿತ್ತು. ಹಿಂದಿನ ವರಾಂಡದಲ್ಲಿ ಬೆಂಚಿನ ಮೇಲೆ ಕೂತಿದ್ದರು. ಒಂದು ದಿನದ ಬಿಳಿ ಗಡ್ಡ ಮೊಳೆತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು.

“ಹೇಳ್ಬೇಡಿ ಮೇಡಂ.”

“ಭಾಯ್, ಹೇಳಿದರೆ ನಿಮಗೆ—”

“ಪುಸ್ತಕ ಕಾಪಿ ಮಾಡಿದ್ದು ಹೌದು. ಅದಕ್ಕೆ ಏನಾದ್ರೂ ಆಗ್ಲಿ. ಆ ಬಹನ್ ವಿಷಯ ಕಾಗದದ ಮೇಲೆ ಬರೋದು ಬೇಡ. ಒಂದ್ಸಲ ಬಂದಿದ್ದೇ ಸಾಕು. ಅದೂ ನನ್ ಕೈಯಿಂದಾನೇ. ಫೈಲಿಗೆ ಬೇರೆ ಏನಾದ್ರೂ ಹೆಸರು ಇಡ್ಬಹುದಿತ್ತು. ಕೈ ಅಭ್ಯಾಸ, ನೋಡಿ,” ಎಂದರು.

ಸಬ್ ಇನ್‌ಸ್ಪೆಕ್ಟರ ಮುಂದೆ ಹೋಗಿ, ಗೊತ್ತಿಲ್ಲ ಎಂದು ಬರೆಸಿ ಸಹಿ ಹಾಕಿದೆ. ಆ ಸಾಲು ಸುಳ್ಳು. ಅದೇ ಸಾಲಿನ ಮೇಲೆ ಭಾಯ್ ಮೇಲಿನ ಕೇಸು ಇನ್ನೂ ನಡೆಯುತ್ತಿದೆ. ನನಗೆ ಇಲಾಖೆಯಿಂದ ಒಂದು ನೋಟಿಸು ಬಂತು, ಉತ್ತರ ಕೊಟ್ಟಿದ್ದೇನೆ.

ಅವಳಿಗೆ ಫೋನು ಮಾಡಿದ್ದು ಹೇಳಿಕೆ ಕೊಟ್ಟ ಸಂಜೆ. ನಡೆದದ್ದನ್ನು ಕ್ರಮವಾಗಿ ಹೇಳಿದೆ. ಕೊನೆಗೆ ಒಂದೇ ಪ್ರಶ್ನೆ.

“ಅದೆಲ್ಲ ಈಗ ಯಾರತ್ರ ಇದೆ ಮೇಡಂ?”

“ಕಂಪ್ಯೂಟರ್ ಸ್ಟೇಷನ್ನಿನಲ್ಲಿದೆ. ಒಂದು ಕಾಪಿ ಅವರು ತಗೊಂಡು ಹೋದರು.”

“ಅವ್ರು ಅಂದ್ರೆ?”

ನನಗೆ ಗೊತ್ತಿರಲಿಲ್ಲ. ಅವರ ಕಚೇರಿ ಯಾವ ಊರಿನಲ್ಲಿದೆ, ಅಲ್ಲಿ ಆ ಡಿಸ್ಕನ್ನು ಯಾರು ತೆರೆಯುತ್ತಾರೆ, ಪುಸ್ತಕವಲ್ಲದ್ದನ್ನು ಏನು ಮಾಡುತ್ತಾರೆ, ಯಾವುದೂ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ. “ಸರಿ ಮೇಡಂ” ಎಂದಳು.

ಮೂರು ವಾರದ ಮೇಲೆ ಮೈದುನ ಮತ್ತೆ ಕಾಲೇಜಿಗೆ ಬಂದ. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಅವತ್ತು ನಿಮ್ ಸೈನು ಅಂದ್ರಲ್ಲ ಆ ಯಜಮಾನ್ರು, ಯಾರ್ದು ಮೇಡಂ ಅದು?”

“ದಿನಕ್ಕೆ ಹತ್ತು ಜನಕ್ಕೆ ಸಹಿ ಹಾಕ್ತೀನಪ್ಪ. ಯಾವುದು ಅಂತ ನೆನಪಿಟ್ಕೊಳ್ಳಲಿ.”

“ಅದೂ ನಿಜ ಬುಡಿ.” ನಕ್ಕ. “ಆ ಕಂಪ್ನಿಯೋರು ಎಲ್ಲಾನೂ ಕಾಪಿ ಒಡ್ಕೊಂಡವ್ರಂತಲ್ಲ. ಅವ್ರಲ್ಲಿ ದೊಡ್ಡೋರು ಅವತ್ತೇ ಕಾರ್ಡ್ ಕೊಟ್ಟಿದ್ರು, ಫೋನ್ ಮಾಡಿದ್ದೆ. ಕೊಡಾಕೆ ಬರಲ್ಲ ಅಂದ್ರು. ಮಾತಾಡುದ್ರೆ ಕೊಡ್ತಾರೇನೋ.” ಬಾಗಿಲವರೆಗೆ ಹೋಗಿ ತಿರುಗಿದ. “ನಾಗಮಂಗಲದ ಕಡೀಕೂ ಒಂದು ಲೈನ್ ಸುರು ಮಾಡಿವ್ನಿ ಮೇಡಂ. ಒಳ್ಳೆ ಯಾಪಾರ ಐತೆ ಅಲ್ಲಿ.”

ಅವನು ಹೋದಮೇಲೆ ಅವಳ ನಂಬರಿಗೆ ಮಾಡಿದೆ. ಸ್ವಿಚ್ ಆಫ್. ರಾತ್ರಿಯೂ, ಬೆಳಗ್ಗೆಯೂ ಹಾಗೇ. ಶಾಲೆಗೆ ಫೋನು ಮಾಡಲು ಹೆದರಿದೆ. ಅಲ್ಲಿ ಯಾರು ಯಾರಿಗೆ ಏನು ಹೇಳುತ್ತಾರೋ.

ಭಾನುವಾರ ನಾಗಮಂಗಲಕ್ಕೆ ಹೋದೆ. ವಿಳಾಸ ಬರೆದುಕೊಂಡು ಹೋಗಿರಲಿಲ್ಲ. ನಾನೇ ದೃಢೀಕರಿಸಿದ್ದು, ಬಾಯಿಪಾಠವಾಗಿತ್ತು. ಕೆಳಗೆ ಮನೆಯವರು, ಮೇಲೆ ಒಂದು ಕೋಣೆ. ಕೋಣೆಗೆ ಬೀಗ ಹಾಕಿತ್ತು. ಕೆಳಗಿನ ಮನೆಯ ಹೆಂಗಸು ಕಸದ ಮೊರ ಹಿಡಿದುಕೊಂಡೇ ಹೊರಗೆ ಬಂದರು, ಅರವತ್ತರ ಹತ್ತಿರದವರು.

“ಖಾಲಿ ಮಾಡ್ಕಂಡೋದ್ಲು ಕಣಮ್ಮ. ಎಲ್ಡು ವಾರದ ಮೇಲಾಯ್ತು.”

“ಎಲ್ಲಿಗೆ ಅಂತ—”

“ನಂಗೊತ್ತಿಲ್ಲ.” ಬೇಗ ಹೇಳಿದರು. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. “ನೀವು ಎಲ್ಡನೇಯೋರು ಕೇಳ್ಕಂಡು ಬತ್ತಿರೋದು. ಮೊನ್ನೆ ಒಬ್ಬ ಹುಡುಗ ಬಂದಿದ್ದ. ಅಕ್ಕ ಅಂತ ಬಾಯ್ತುಂಬ ಕರ್ದ. ಒಂದು ಡಬ್ಬ ಮೊಸರು ಕೊಟ್ಟ. ಅವ್ನಿಗೂ ಗೊತ್ತಿಲ್ಲ ಅಂದೆ.”

“ಮೊಸರು ತಗೊಂಡ್ರಾ?”

“ತಗಂಡೆ. ಕೊಟ್ಟಿದ್ದನ್ಯಾಕೆ ಬುಡ್ಲಿ?” ಎಂದರು. ನಗಲಿಲ್ಲ. “ಆ ಹುಡ್ಗಿ ಕೈ ಬೆರಳು ನೋಡಿವ್ನಿ ನಾನು.”

ಅಂದರೆ ಅವನು ಆ ಎರಡೂವರೆ ಸೆಕೆಂಡಿನಲ್ಲಿ ಬೀದಿಯನ್ನೂ ಓದಿದ್ದ. ಅಥವಾ ಓದಿರಲಿಲ್ಲ, ಆ ಡಿಸ್ಕು ಇದ್ದ ಕಡೆಯಿಂದ ತರಿಸಿಕೊಂಡಿದ್ದ. ಅಥವಾ ಊರಿನ ಹೆಸರಷ್ಟೇ ಓದಿ, ಮೊಸರಿನ ನೆಪದಲ್ಲಿ ಬೀದಿ ಬೀದಿ ಕೇಳುತ್ತ ಬಂದಿದ್ದ. ಯಾವುದೆಂದು ನನಗೆ ತಿಳಿಯುವ ದಾರಿಯಿಲ್ಲ. ಅವನು ಬಂದಾಗ ಅವಳಿರಲಿಲ್ಲ ಎಂಬುದಷ್ಟೇ ತಿಳಿಯಿತು.

ಆ ಹೆಂಗಸು ಒಳಗೆ ಹೋಗಲಿಲ್ಲ. ನಾನು ಇನ್ನೊಂದು ಸಲ ಕೇಳಲಿ, ಆಗ ಯೋಚಿಸೋಣ ಎಂಬಂತೆ ಮೊರವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ನಿಂತಿದ್ದರು. ಅವಳ ಸಾಮಾನು ತುಂಬಿಕೊಂಡ ಆಟೊ ಯಾವ ಕಡೆಗೆ ಹೋಯಿತೆಂದು ಅವರಿಗೆ ಗೊತ್ತಿತ್ತು ಅನ್ನಿಸಿತು.

ನಾನು ಕೇಳಲಿಲ್ಲ. ನೀರು ಕೇಳಿ ಕುಡಿದು, ಬಸ್ ಸ್ಟ್ಯಾಂಡಿಗೆ ನಡೆದುಬಂದೆ.